ಒತ್ತು ಶಾವಿಗೆ ಮೂರು ಸಲ ಕೆಟ್ಟೋಯ್ತು, ಎಲ್ಲಿ ತಪ್ತಿದೀನಿ ಹೇಳ್ತೀರಾ?

ಮುದ್ದೆಪ್ರಿಯ

ಎಲ್ರಿಗೂ ನಮಸ್ಕಾರ. ಮೂರು ಭಾನುವಾರದಿಂದ ಅಕ್ಕಿ ಶಾವಿಗೆ ಒತ್ತಕ್ಕೆ ಹೋಗಿ ಮೂರು ಸಲಾನೂ ಮಣ್ಣು ಮುಕ್ಕಿದೀನಿ, ಅದಕ್ಕೇ ಇಲ್ಲಿ ಬಂದು ಕೇಳ್ತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ಅಡುಗೆಗೆ ನಾನು ಪೂರ್ತಿ ಹೊಸಬ ಅಲ್ಲ, ಸಾರು ಪಲ್ಯ ಎಲ್ಲಾ ಬರುತ್ತೆ, ಮುದ್ದೆಲಿ ಗಂಟು ಬರಲ್ಲ ಅಂತ ಅಮ್ಮಾನೇ ಸರ್ಟಿಫಿಕೇಟ್ ಕೊಟ್ಟಿದಾರೆ. ಆದ್ರೆ ಈ ಶಾವಿಗೆ ಮಾತ್ರ ಕೈಗೆ ಹತ್ತುತ್ತಾ ಇಲ್ಲ.

ನಮ್ದು ಹೊಳೆನರಸೀಪುರದ ಕಡೆ ಹಳ್ಳಿ. ಅಜ್ಜಿ ಇದ್ದಾಗ ಮನೆಗೆ ನೆಂಟ್ರು ಬಂದ್ರೆ ಶಾವಿಗೆ ಕಾಯಿಹಾಲು ಗ್ಯಾರಂಟಿ. ಮರದ ದೊಡ್ಡ ಒರಳು ಇತ್ತು, ಮಾವ ಅದರ ಹಿಡಿ ಮೇಲೆ ಮೈಭಾರ ಪೂರ್ತಿ ಬಿಟ್ಟು ಒತ್ತೋರು, ಕೆಳಗೆ ಅಜ್ಜಿ ತಟ್ಟೆ ಹಿಡ್ಕೊಂಡು ತಿರುಗಿಸ್ತಾ ಇರೋರು, ಬಿಳೀ ಎಳೆ ಸುರುಳಿ ಸುರುಳಿಯಾಗಿ ಬೀಳ್ತಾ ಇದ್ರೆ ನಾವು ಮಕ್ಳು ಬಾಯಿ ಬಿಟ್ಕೊಂಡು ನೋಡ್ತಾ ಕೂರ್ತಿದ್ವಿ. ಅಮ್ಮಂಗೆ ಈಗ ಭುಜದ ನೋವು, ಒತ್ತಕ್ಕಾಗಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಬರ್ತಾರೆ, ಬಂದಾಗ ನಾನೇ ಮಾಡಿ ಬಡಿಸ್ಬೇಕು ಅಂತ ಆಸೆ, ಅಷ್ಟೇ.

ಮೊದಲ್ನೇ ಸಲ ಅಂಗಡಿ ಅಕ್ಕಿಹಿಟ್ಟು 2 ಲೋಟ ತಗೊಂಡು ಬೆಚ್ಚಗಿನ ನೀರಲ್ಲಿ ಚಪಾತಿ ಹಿಟ್ಟಿನ ಥರ ಕಲ್ಸಿ, ಚಕ್ಕುಲಿ ಒರಳಿಗೆ ಹಾಕಿ ಇಡ್ಲಿ ತಟ್ಟೆ ಮೇಲೆ ಒತ್ತಿದೆ. ಒತ್ತಿದೆ ಅನ್ನೋದು ಸುಳ್ಳು, ಅದರ ಜೊತೆ ಕುಸ್ತಿ ಆಡ್ದೆ. ಬಂದಿದ್ದೆಲ್ಲಾ ಅರ್ಧ ಇಂಚಿನ ತುಂಡು, ಬೇಯಿಸಿದ ಮೇಲೆ ಹಿಟ್ಟುಹಿಟ್ಟು ವಾಸ್ನೆ. ಎರಡನೇ ಸಲ ಯಾವ್ದೋ ವಿಡಿಯೋ ನೋಡಿ ಕುದಿಯೋ ನೀರು ಹಾಕಿ ಮೆತ್ತಗೆ ಕಲ್ಸಿದೆ, ಸಲೀಸಾಗಿ ಇಳೀತು, ಖುಷಿಯಾಯ್ತು, ಆದ್ರೆ ಬೇಯಿಸಿ ಮುಚ್ಚಳ ತೆಗೆದ್ರೆ ಎಳೆಗಳೆಲ್ಲಾ ಒಂದಕ್ಕೊಂದು ಅಂಟ್ಕೊಂಡು ಗೀರು ಗೀರು ಇರೋ ಇಡ್ಲಿ ಆಗಿತ್ತು. ಮೂರನೇ ಸಲ ಅಮ್ಮಂಗೇ ಫೋನ್ ಮಾಡ್ದೆ. ಹಿಟ್ಟು ತೊಳಸಿ, ಉಂಡೆ ಕಟ್ಟಿ ಬೇಯ್ಸಿ, ಆಮೇಲೆ ಒತ್ತು ಅಂದ್ರು. ಎಷ್ಟು ನೀರು ಅಂದ್ರೆ ಹಿಟ್ಟು ಎಷ್ಟು ಕೇಳುತ್ತೋ ಅಷ್ಟು, ಎಷ್ಟೊತ್ತು ಅಂದ್ರೆ ಬೇಯೋವರ್ಗೂ. ಸರಿ ಅಂತ ಮುದ್ದೆ ಥರ ತೊಳಸಿ, ಟೆನಿಸ್ ಬಾಲ್ ಸೈಜಿನ ಉಂಡೆ ಕಟ್ಟಿ 10 ನಿಮಿಷ ಹಬೆಲಿ ಇಟ್ಟೆ, ಎಲ್ಲಾ ತೆಗೆದು ತಟ್ಟೇಲಿ ಜೋಡಿಸ್ಕೊಂಡೆ, ಅಷ್ಟೊತ್ತಿಗೆ ಆಫೀಸಿಂದ ಫೋನು. ವಾಪಸ್ ಬಂದು ಎರಡನೇ ಉಂಡೆ ಒತ್ತೋವಾಗ ಆನ್‌ಲೈನಲ್ಲಿ ತರಿಸಿದ್ದ ಒರಳಿನ ಹಿಡೀನೇ ಕಿತ್ಕೊಂಡು ಬಂತು.

ಹಿಟ್ಟು ಸರಿ ಇಲ್ವಾ, ನೀರಾ, ಒರಳಾ, ನಾನಾ?

ಕಾಫಿತೋಟದಕ್ಕ

ನಿನ್ನ ಪೋಸ್ಟ್ ಓದಿ ನಗು ತಡೆಯಕ್ಕಾಗ್ಲಿಲ್ಲಪ್ಪ, ಬೇಜಾರ್ ಮಾಡ್ಕೋಬೇಡ. ನಾವು ಸಕಲೇಶಪುರದ ಕಡೆಯೋರು, ನಮ್ಮನೇಲೂ ಹಿಡಿ ಕಿತ್ತೋಗಿರೋ ಒರಳು ಎರಡಿದೆ ಅಟ್ಟದ ಮೇಲೆ.

ನೋಡು, ಮೊದ್ಲೆರಡು ಸಲ ನೀನು ಮಾಡಕ್ಕೆ ಹೋಗಿದ್ದು ಇಡಿಯಪ್ಪ. ಅದರಲ್ಲಿ ಹಿಟ್ಟು ಕಲ್ಸಿ ಒತ್ತಿ ಆಮೇಲೆ ಬೇಯಿಸೋದು. ನಿಮ್ಮಜ್ಜಿ ಮಾಡ್ತಿದ್ದಿದ್ದು ಅದಲ್ಲ, ನಮ್ಮ ಒತ್ತು ಶಾವಿಗೇಲಿ ಮೊದ್ಲು ಪೂರ್ತಿ ಬೇಯಿಸಿ ಆಮೇಲೆ ಒತ್ತೋದು, ಒತ್ತಿದ್ಮೇಲೆ ಮತ್ತೆ ಬೇಯಿಸೋದು ಅನ್ನೋ ಮಾತೇ ಇಲ್ಲ, ನೇರ ತಟ್ಟೆಗೆ. ಅಂದ್ರೆ ಮೂರನೇ ಸಲ ನೀನು ಹಿಡಿದಿದ್ದ ದಾರಿ ಸರಿನೇ ಇತ್ತು, ಎರಡು ಕಡೆ ಎಡವಿದೀಯ.

ಒಂದು, ಟೆನಿಸ್ ಬಾಲ್ ಸೈಜಿನ ಉಂಡೆ 10 ನಿಮಿಷಕ್ಕೆ ಒಳಗೆ ಬೇಯಲ್ಲ. ಹೊರಗೆ ಮಿರಿಮಿರಿ ಅಂತ ಮಿಂಚ್ತಿರುತ್ತೆ, ನೋಡಿದ್ರೆ ಬೆಂದಿದೆ ಅನ್ಸುತ್ತೆ, ಮುರಿದು ನೋಡಿದ್ರೆ ನಡುವೆ ಬೆಳ್ಳಗೆ ಸುಣ್ಣದ ಥರ ಕಾಣುತ್ತೆ. ಆ ಸುಣ್ಣ ಇದ್ದಲ್ಲೇ ಎಳೆ ತುಂಡಾಗೋದು. ಒಂದು ಉಂಡೆ ಹಾಳಾದ್ರೂ ಪರ್ವಾಗಿಲ್ಲ ಅಂತ ಮುರಿದು ನೋಡ್ಲೇಬೇಕು, ಒಳಗೂ ಹೊರಗೂ ಒಂದೇ ಬಣ್ಣ ಇದ್ರೆ ಆಯ್ತು ಅಂತ. ಅದೂ ಅಲ್ದೆ ಗುಂಡಗೆ ಯಾಕೆ ಕಟ್ತೀಯ, ಒರಳಿನ ಬಾಯಿ ಎಷ್ಟಗಲ ಇದೆಯೋ ಅದಕ್ಕಿಂತ ಒಂಚೂರು ಸಣ್ಣಕ್ಕೆ ಉದ್ದುದ್ದ ಕಟ್ಟು, ಬೇಗ ಬೇಯುತ್ತೆ, ಒರಳೊಳಗೆ ಸಲೀಸಾಗಿ ಇಳಿಯುತ್ತೆ.

ಎರಡ್ನೇದು ಆ ಫೋನು. ಎಲ್ಲಾ ಉಂಡೆ ಒಟ್ಟಿಗೆ ತೆಗೆದು ತಟ್ಟೇಲಿ ಜೋಡಿಸ್ಕೊಂಡೆ ಅಂದ್ಯಲ್ಲ, ಅಲ್ಲೇ ಕೆಟ್ಟಿದ್ದು. ಒಂದೇ ಒಂದು ಉಂಡೆ ತೆಗೀಬೇಕು, ಒತ್ತಬೇಕು, ಮಿಕ್ಕಿದ್ದೆಲ್ಲಾ ಹಬೇಲೇ ಮುಚ್ಚಿಟ್ಟು ಒಲೆ ಸಣ್ಣಕ್ಕೆ ಉರೀತಾ ಇರ್ಬೇಕು. ಕೈ ಸುಡ್ಬೇಕು ಕಣಪ್ಪ, ಕೈ ಸುಡಲ್ಲ ಅಂದ್ರೆ ಆಗ್ಲೇ ಲೇಟಾಗಿದೆ ಅಂತ. ಒದ್ದೆ ಬಟ್ಟೇಲಿ ಹಿಡ್ಕೊಂಡು ಒರಳಿಗೆ ಹಾಕೋದು.

ಅಳತೆ ಹೇಳ್ತೀನಿ, ನಿಮ್ಮಮ್ಮನ ಥರ ಅಂದಾಜು ಹೇಳಿ ನಿನ್ನ ಪ್ರಾಣ ತಿನ್ನಲ್ಲ. 1 ಲೋಟ ಹಿಟ್ಟಿಗೆ 2 ಲೋಟ ನೀರು, ಹಿಟ್ಟು ಹಳೇದಾದ್ರೆ ಇನ್ನೊಂದು ಕಾಲು ಲೋಟ ಪಕ್ಕದಲ್ಲಿ ಬಿಸಿ ಇಟ್ಕೊಂಡಿರು. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಅದರಲ್ಲೇ ಎರಡು ಚಮಚ ಹಿಟ್ಟು ಕದಡು, ಮುದ್ದೆಗೆ ಮಾಡ್ತೀಯಲ್ಲ ಹಂಗೇ. ಅಂಬಲಿ ಥರ ಕುದಿ ಬಂದ್ಮೇಲೆ ಮಿಕ್ಕ ಹಿಟ್ಟು ಗುಡ್ಡೆ ಹಾಕಿ, ಕೋಲಲ್ಲಿ ನಡುವೆ ತೂತು ಮಾಡಿ, ಮುಚ್ಚಿ ಸಣ್ಣ ಉರೀಲಿ 6-7 ನಿಮಿಷ ಬಿಡು. ಆಮೇಲೆ ಚೆನ್ನಾಗಿ ತೊಳಸು. ಮುದ್ದೆ ಬರುತ್ತೆ ಅಂತೀಯ, ಇದನ್ನ ನಿಂಗೆ ಹೇಳ್ಕೊಡೋದೇ ಬೇಡ. ಕೈಗೆ ನೀರು ಮುಟ್ಟಿಸ್ಕೊಂಡು ಬಿಸಿ ಇದ್ದಾಗ್ಲೇ ನಾದಿ ಉಂಡೆ ಕಟ್ಟು, ಅಂಗೈಲಿ ಒತ್ತಿದ್ರೆ ಅಂಚು ಬಿರುಕು ಬಿಡಬಾರ್ದು, ಬಿಟ್ರೆ ನೀರು ಕಮ್ಮಿ ಅಂತ ಅರ್ಥ. ಹಬೇಲಿ 20 ನಿಮಿಷ. ನಮ್ಮತ್ತೆ ಹಬೆಗೆ ಇಡ್ತಿರ್ಲಿಲ್ಲ, ಕುದಿಯೋ ನೀರಿಗೇ ಉಂಡೆ ಬಿಡೋರು, ಬೆಂದ್ಮೇಲೆ ಮೇಲೆ ತೇಲುತ್ತೆ. ರುಚಿ ಅದೇ ಚೆಂದ ಅಂತ ನಂಗನ್ಸುತ್ತೆ ಆದ್ರೆ ಹಿಟ್ಟು ಸಡಿಲ ಆಗಿದ್ರೆ ನೀರಲ್ಲೇ ಕರಗಿ ಗಂಜಿ ಆಗೋಗುತ್ತೆ, ನೀನು ಸದ್ಯಕ್ಕೆ ಹಬೇನೇ ಮಾಡು.

ಜೋಳದರೊಟ್ಟಿ

ಏನ್ರೀ ಇದು, ನಮ್ಮ ಕಡೆ ಶಾವಿಗಿ ಅಂದ್ರ ಗೋಧಿದು. ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಕೋಲಿಗೆ ನೇತುಹಾಕಿ ಒಣಗಿಸಿ ಡಬ್ಬಿ ತುಂಬಿಟ್ರ ವರ್ಷಾನಗಟ್ಲೆ ಬರ್ತದ, ಬೇಕಾದಾಗ ಕುದಿಸಿ ಹಾಲು ಸಕ್ಕರಿ ಹಾಕ್ಕೊಂಡು ಹೊಡಿಯೂದು. ನೀವು ಒಂದು ಊಟಕ್ಕ ಇಷ್ಟು ಗುದ್ದಾಡ್ತೀರಿ ಅಂತ ಗೊತ್ತಿರಲಿಲ್ಲ ನೋಡ್ರಿ. ಮುಂದುವರ್ಸ್ರಿ, ನಾ ಓದಾಕತ್ತೀನಿ.

ಮುದ್ದೆಪ್ರಿಯ

ಅಕ್ಕ ತುಂಬಾ ಥ್ಯಾಂಕ್ಸ್, ನಡುವೆ ಸುಣ್ಣದ ಥರ ಅಂದ್ರಲ್ಲ, ಕರೆಕ್ಟಾಗಿ ಹಂಗೇ ಇತ್ತು, ನಾನು ಅದು ಹಿಟ್ಟು ಗಂಟು ಅನ್ಕೊಂಡಿದ್ದೆ. ಒಂದು ಡೌಟು, ಅಂಗಡಿ ಪ್ಯಾಕೆಟ್ ಹಿಟ್ಟು ಆಗುತ್ತಾ ಅಥವಾ ಅಕ್ಕಿ ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿಸ್ಬೇಕಾ? @ಜೋಳದರೊಟ್ಟಿ ನಗ್ರಿ ನಗ್ರಿ, ಒಂದಿನ ನಿಮ್ಮ ಮಾಳಿಗೆಗೇ ಬಂದು ಊಟ ಮಾಡ್ತೀನಿ.

ಕಾಫಿತೋಟದಕ್ಕ

ಪ್ಯಾಕೆಟ್ ಹಿಟ್ಟಲ್ಲೂ ಆಗುತ್ತೆ, ಆದ್ರೆ ಸ್ವಲ್ಪ ತರಿ ಇರುತ್ತೆ, ಸಣ್ಣ ಜರಡೀಲಿ ಜರಡಿ ಹಿಡ್ಕೋ. ಎಳೆ ತೂತಲ್ಲಿ ಒಂದು ತರಿ ಸಿಕ್ಕಾಕೊಂಡ್ರೂ ಸಾಕು, ಆ ತೂತು ಬಂದ್. ಚೆನ್ನಾಗಿ ಬರ್ಬೇಕು ಅಂದ್ರೆ ಅಕ್ಕಿ ತೊಳೆದು ಒಂದೆರಡು ಗಂಟೆ ನೆನೆಸಿ, ಬಸಿದು, ಬಟ್ಟೆ ಮೇಲೆ ನೆರಳಲ್ಲಿ ಹರಡಿ, ಕೈಗೆ ನೀರು ಅಂಟದೆ ತಣ್ಣಗೆ ಅನ್ಸೋ ಹದಕ್ಕೆ ಬಂದಾಗ ಹಾಕಿಸ್ಬೇಕು. ಮಿಲ್ಲಿಗೆ ಹೋದ್ರೆ ಅಕ್ಕಿ ಹಾಕಿಸೋರು ಯಾರಾದ್ರೂ ಇದ್ರೆ ಅವ್ರ ಹಿಂದೇನೇ ನಿಂತ್ಕೋ, ರಾಗಿ ಆದ್ಮೇಲೆ ಹಾಕಿಸಿದ್ರೆ ಶಾವಿಗೆ ಬೂದಿ ಬಣ್ಣ ಬರುತ್ತೆ, ಹೇಳಿದೀನಿ. ಹಸಿ ಹಿಟ್ಟನ್ನ ಡಬ್ಬೀಲಿ ತುಂಬಿಡಬೇಡ, ಅವತ್ತೇ ಮಾಡ್ಬೇಕು ಇಲ್ಲಾಂದ್ರೆ ಮುಗ್ಗಲು ವಾಸ್ನೆ ಬರುತ್ತೆ.

ಪುತ್ತೂರಿನ ಬಾಣಲೆ

ನೀವು ಯಾಕೆ ಹಿಟ್ಟಿನ ಹಿಂದೆ ಬಿದ್ದದ್ದು ಮಾರಾಯ್ರೆ. ಅಕ್ಕಿ ನೆನೆಹಾಕಿ ಕಡೆದ್ರೆ ಮಿಲ್ಲೂ ಬೇಡ ಜರಡಿಯೂ ಬೇಡ. ನಮ್ಮಲ್ಲಿ ಇದಕ್ಕೆ ಸೇಮಿಗೆ ಹೇಳುದು.

2 ಲೋಟ ಬೆಳ್ತಿಗೆ ಅಕ್ಕಿ, ಅಂದ್ರೆ ಕುಚ್ಚಲು ಅಲ್ಲದ ಬಿಳಿ ಅಕ್ಕಿ, 4-5 ಗಂಟೆ ನೆನೆಹಾಕಿ. ತೊಳೆದು 1 ಲೋಟ ತೆಂಗಿನತುರಿ, ಉಪ್ಪು ಹಾಕಿ ಗ್ರೈಂಡರಲ್ಲಿ ಗಂಧದ ಹಾಗೆ ನುಣ್ಣಗೆ ಕಡಿಬೇಕು, ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ್ರೆ ಒಂದು ಕಣವೂ ಸಿಕ್ಕಬಾರ್ದು. ತೆಂಗಿನಕಾಯಿ ಹಾಕಿದ್ರೆ ಎಂತ ಲಾಭ ಅಂದ್ರೆ ಎಳೆ ಮೃದು ಆಗ್ತದೆ, ಒಂದಕ್ಕೊಂದು ಅಂಟುದಿಲ್ಲ, ತಣಿದ್ರೂ ಬೇಗ ಗಟ್ಟಿ ಆಗುದಿಲ್ಲ. ಕೆಲವರು ಸ್ವಲ್ಪ ಕುಚ್ಚಲಕ್ಕಿಯೂ ಸೇರಿಸ್ತಾರೆ.

ನಂತರ ನೀರು ಸೇರಿಸಿ ದೋಸೆ ಹಿಟ್ಟಿಗಿಂತ ತೆಳು ಮಾಡಿ ದಪ್ಪ ತಳದ ಬಾಣಲೆಗೆ ಎರೆದು, ಒಂದು ಚಮಚ ತೆಂಗಿನೆಣ್ಣೆ ಹಾಕಿ ಮಗುಚ್ತಾ ಇರಬೇಕು. ಇದು ಇರುದೇ ಇಲ್ಲಿ. ಮೊದಲು ಐದು ನಿಮಿಷ ಏನೂ ಆಗುದಿಲ್ಲ, ನೀವು ಇದು ಸುಳ್ಳು ರೆಸಿಪಿ ಅಂತ ನನ್ನನ್ನು ಬಯ್ಲಿಕ್ಕೆ ಶುರು ಮಾಡುವಾಗ ತಳದಿಂದ ಪದರ ಪದರವಾಗಿ ಏಳ್ತದೆ, ಗಂಟು ಗಂಟಾಗ್ತದೆ, ಹೆದರ್ಬೇಡಿ, ಕೈ ನಿಲ್ಲಿಸ್ಬೇಡಿ, ಆ ಗಂಟುಗಳೆಲ್ಲ ಸೇರಿ ಒಂದೇ ಮುದ್ದೆ ಆಗಿ ಬಾಣಲೆ ಬಿಟ್ಟು ಬರ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದ್ರೆ ಅಂಟಬಾರ್ದು, ಅಲ್ಲಿಗೆ ಇಳಿಸುದು. ಉಂಡೆ ಮಾಡಿ ಅಟ್ಟಿನಳಗೆಯಲ್ಲಿ, ನಿಮ್ಮಲ್ಲಿ ಇಡ್ಲಿ ಪಾತ್ರೆ ಇದ್ರೆ ಅದ್ರಲ್ಲೇ, ಬಾಳೆಲೆ ಹಾಸಿ 25 ನಿಮಿಷ ಬೇಯಿಸಿ. ಕುಕ್ಕರಲ್ಲಿಯೂ ಆಗ್ತದೆ ಆದ್ರೆ ವೆಯ್ಟ್ ಹಾಕ್ಲಿಕ್ಕಿಲ್ಲ. ಬಾಳೆಲೆ ಮೇಲೆ ನೀರು ನಿಂತ್ರೆ ಉಂಡೆಯ ಅಡಿ ಅಂಟು ಅಂಟಾಗ್ತದೆ, ಹಾಗೆ ಎಲೆಗೆ ಅಲ್ಲಲ್ಲಿ ತೂತು ಮಾಡಿ.

ಒತ್ತುವಾಗ ಬಿಸಿ ಬೇಕು ಅಂತ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ಅದ್ರಲ್ಲಿ ಘಟ್ಟದ ಮೇಲೆ ಕೆಳಗೆ ಅಂತ ಇಲ್ಲ. ನಮ್ಮ ಮನೆಯಲ್ಲಿ ಒಬ್ಬ ಉಂಡೆ ತೆಗೆಯುದು, ಒಬ್ಬ ಒತ್ತುದು, ಒಬ್ಬ ತಟ್ಟೆ ಹಿಡಿಯುದು, ಇನ್ನೊಬ್ಬ ಬಿಸಿಬಿಸಿ ತಿನ್ನುದು. ನಾಲ್ಕನೆಯವನ ಕೆಲಸಕ್ಕೆ ಯಾವಾಗ್ಲೂ ಜಗಳ. ಮಾವಿನಹಣ್ಣು ಸೀಸನಲ್ಲಿ ಸೇಮಿಗೆಗೆ ರಸಾಯನ ಹಾಕ್ಕೊಂಡು ಒಮ್ಮೆ ತಿಂದು ನೋಡಿ, ಮತ್ತೆ ಮಾತಾಡುವ.

ಪಿಷ್ಟ ಪುರಾಣ

ಫುಡ್ ಸೈನ್ಸ್ ಓದಿದ್ದೆ, ಕೆಲಸ ಬೇರೆ ಮಾಡ್ತಿದೀನಿ, ಓದಿದ್ದು ಇಂಥ ಕಡೆ ಮಾತ್ರ ಉಪಯೋಗಕ್ಕೆ ಬರುತ್ತೆ.

ಗೋಧಿಲಿ ಗ್ಲುಟೆನ್ ಅಂತ ಪ್ರೋಟೀನ್ ಬಲೆ ಇರುತ್ತೆ, ತಣ್ಣೀರಲ್ಲಿ ನಾದಿದ್ರೂ ಹಿಟ್ಟು ಎಳೆಯಾಗಿ ಎಳ್ಕೊಂಡು ಬರುತ್ತೆ. ಅಕ್ಕೀಲಿ ಅದು ಇಲ್ಲ. ಅಕ್ಕಿ ಹಿಟ್ಟನ್ನ ಹಿಡಿದಿಡೋಕೆ ಇರೋದು ಬೆಂದ ಪಿಷ್ಟ, ಅಂದ್ರೆ ಸ್ಟಾರ್ಚ್, ಒಂದೇ. ಪಿಷ್ಟದ ಕಣಗಳು ಸುಮಾರು 65ರಿಂದ 75 ಡಿಗ್ರಿ ಆಸುಪಾಸಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ವೆ, ಅಕ್ಕಿ ತಳಿ ಮೇಲೆ ಸ್ವಲ್ಪ ಹೆಚ್ಚುಕಮ್ಮಿ. ಬೆಚ್ಚಗಿನ ನೀರಲ್ಲಿ ಕಲ್ಸಿದ್ರೆ ಆ ಮಟ್ಟಕ್ಕೆ ಹೋಗೋದೇ ಇಲ್ಲ, ಮರಳು ಕಲ್ಸಿದ ಹಾಗೆ, ನಿಮ್ಮ ಮೊದಲನೇ ಭಾನುವಾರ ಅದು. ಎರಡನೇ ಸಲ ಅಂಟು ಬಂತು ಆದ್ರೆ ನೀರು ಜಾಸ್ತಿ ಆಗಿ, ಹಬೇಲಿ ಪಕ್ಕಪಕ್ಕದ ಎಳೆಗಳ ಮೈ ಕರಗಿ ಬೆಸ್ಕೊಂಡ್ವು. ಮೂರನೇ ಸಲ ಅಕ್ಕ ಹೇಳಿದ ಸುಣ್ಣದ ಕಥೆ, ಜೊತೆಗೆ ಆರಿದ್ದು. ಬೆಂದ ಪಿಷ್ಟ ತಣ್ಣಗಾಗ್ತಾ ಮತ್ತೆ ಒತ್ತೊತ್ತಾಗಿ ಜೋಡಣೆ ಆಗಿ ಬಿಗಿ ಆಗುತ್ತೆ, ರಾತ್ರಿ ಅನ್ನ ಬೆಳಿಗ್ಗೆ ಗಟ್ಟಿ ಆಗಿರುತ್ತಲ್ಲ ಅದೇ ಕೆಲಸ. ಹಂಗಾಗಿ ತಪ್ಪು ಒರಳಿನದ್ದೊಂದೇ ಅಲ್ಲ ಸರ್, ಆರಿದ ಉಂಡೆ ಯಾವ ಹಿಡಿನಾದ್ರೂ ಕಿತ್ತಾಕುತ್ತೆ.

ಅಕ್ಕಿ ವಿಷಯಕ್ಕೆ ಬಂದ್ರೆ, ಅನ್ನ ಮಾಡಿದ್ರೆ ಉದುರುದುರಾಗಿ ಆಗೋ ಅಕ್ಕಿ ತಗೊಳ್ಳಿ, ಅದರಲ್ಲಿ ಅಮೈಲೋಸ್ ಅನ್ನೋ ಭಾಗ ಜಾಸ್ತಿ, ಎಳೆ ಬಿಡಿಬಿಡಿಯಾಗಿ ನಿಲ್ಲುತ್ತೆ. ಹೊಸ ಅಕ್ಕಿ, ಅನ್ನ ಅಂಟಂಟಾಗೋ ಅಕ್ಕಿ ಇದಕ್ಕೆ ಬೇಡ. ಮನೇಲಿ ಇರೋದು ಹೊಸ ಅಕ್ಕಿನೇ ಆದ್ರೆ ನೀರು ಒಂದು ಹಿಡಿ ಕಮ್ಮಿ ಮಾಡಿ.

ಇಡಿಯಪ್ಪ ಪರ ವಕೀಲ

ಎಲ್ರೂ ಸೇರ್ಕೊಂಡು ಇಡಿಯಪ್ಪಾನ ಮೂಲೆಗೆ ತಳ್ಳಿದೀರಲ್ಲಾ, ಸ್ವಲ್ಪ ಅನ್ಯಾಯ. ಒಬ್ಬನೇ ಮಾಡೋನಿಗೆ ಅದೇ ಸಲೀಸು. ಬೇಯಿಸಿ ಒತ್ತೋದ್ರಲ್ಲಿ ಸುಡೋ ಉಂಡೆ, ಸುಡೋ ಒರಳು, ಭಾರ, ಆತುರ, ಮೂರು ಜನ ಬೇಕು. ಇಡಿಯಪ್ಪದಲ್ಲಿ ಹಿಟ್ಟು ಮೆತ್ತಗಿರುತ್ತೆ, ಒಂದು ಕೈಲಿ ತಿರುಗಿಸೋ ಒರಳು ಸಾಕು, ಫೋನ್ ಬಂದ್ರೂ ಮಾತಾಡ್ಕೊಂಡು ಮಾಡ್ಬೋದು.

ನಾನು ಮಾಡೋದು ಹಿಂಗೆ. ನುಣ್ಣಗಿನ ಹಿಟ್ಟು, ಬಣ್ಣ ಬದಲಾಗ್ದೆ ಬರೀ ಬಿಸಿ ಆಗೋವಷ್ಟು ಹುರ್ಕೋತೀನಿ, 1 ಲೋಟಕ್ಕೆ ಸುಮಾರು ಒಂದೂಕಾಲು ಲೋಟ ನೀರು, ಅದೂ ಕೊತಕೊತ ಕುದೀತಿರೋ ನೀರು, ಒಂದೇ ಸಲ ಸುರೀದೆ ಸ್ವಲ್ಪ ಸ್ವಲ್ಪ ಹಾಕಿ ಚಮಚದ ಹಿಂಭಾಗದಲ್ಲಿ ಕಲಸಿ 5 ನಿಮಿಷ ಮುಚ್ಚಿಡ್ತೀನಿ, ಆಮೇಲೆ ಎಣ್ಣೆ ಕೈಲಿ ನಾದೋದು. ಇಡ್ಲಿ ತಟ್ಟೆಗೆ ಎಣ್ಣೆ ಸವರಿ, ಮೇಲೆ ಚೂರು ಕಾಯಿತುರಿ ಉದುರ್ಸಿ ಅದರ ಮೇಲೆ ಒತ್ತೋದು, ತೆಳ್ಳಗೆ ಒಂದೇ ಸುತ್ತು, ಗುಡ್ಡೆ ಹಾಕ್ಬಾರ್ದು. 8-10 ನಿಮಿಷ ಹಬೆ. ಎರಡನೇ ಸಲ ನಿಮ್ದು ಅಂಟ್ಕೊಂಡಿದ್ದಕ್ಕೆ ನೀರಿನ ಜೊತೆ ಗುಡ್ಡೆ ಹಾಕಿದ್ದೂ ಕಾರಣ ಇರುತ್ತೆ, ಬೆಟ್ ಕಟ್ತೀನಿ.

ಕಾಫಿತೋಟದಕ್ಕ

ವಕೀಲ್ರೇ ಇಡಿಯಪ್ಪ ಚೆನ್ನಾಗಿರುತ್ತಪ್ಪ ಯಾರು ಇಲ್ಲ ಅಂದ್ರು. ಆದ್ರೆ ಆ ಹುಡ್ಗ ಅವ್ರಮ್ಮಂಗೆ ಅವ್ರಜ್ಜಿ ಶಾವಿಗೆ ತಿನ್ನಿಸ್ಬೇಕು ಅಂತಿರೋದು. ಬೇಯಿಸಿ ಒತ್ತಿದ ಎಳೆ ಹಲ್ಲಿಗೆ ಸಿಗೋದೇ ಬೇರೆ, ಸ್ವಲ್ಪ ಎಳ್ಕೊಂಡು ಬರ್ಬೇಕು, ಕೋಳಿ ಸಾರಿಗೆ ಹಾಕಿದ್ರೂ ಕರಗ್ಬಾರ್ದು. ನಿಮ್ಮ ಇಡಿಯಪ್ಪಕ್ಕೆ ಸಾರು ಹುಯ್ದು ಎರಡು ನಿಮಿಷ ಬಿಟ್ರೆ ಗೊಜ್ಜು.

ಇಡಿಯಪ್ಪ ಪರ ವಕೀಲ

ಎರಡು ನಿಮಿಷ ಯಾರು ಬಿಡ್ತಾರೆ ಅಕ್ಕ ಸಾರು ಹಾಕಿ 😄 ಸರಿ, ಈ ಪಾಯಿಂಟ್ ಒಪ್ಕೋತೀನಿ.

ಮಡಿಕೇರಿ ಮಂಜು

ನಮ್ಮ ಕೊಡಗಲ್ಲಿ ನೂಪುಟ್ಟು ಇದೇ, ಕೋಳಿ ಕರಿ ಜೊತೆ. ಅಕ್ಕನ ಪಕ್ಷಕ್ಕೆ ನನ್ನ ಒಂದು ವೋಟು.

ಹಿತ್ತಾಳೆ ಬಿಲ್ಲೆ

ಒರಳಿನ ಬಗ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ, ನಾನು ಹೇಳ್ತೀನಿ. ಬೆಂದ ಉಂಡೆ ಒತ್ತೋಕೆ ಚಕ್ಕುಲಿ ಒರಳು, ಅದೂ ಅಲ್ಯೂಮಿನಿಯಂದು, ಎರಡು ಕೈಲಿ ಹಿಡಿದು ಒತ್ತೋದು, ಅದು ಬೇಡ್ವೇ ಬೇಡ. ಹಿಡಿ ಬಗ್ಗುತ್ತೆ, ಇಲ್ಲಾಂದ್ರೆ ಕೆಳಗಿನ ತೂತಿನ ಬಿಲ್ಲೆ ತೆಳ್ಳಗಿದ್ರೆ ಹೊಟ್ಟೆ ಬಂದು ಸೈಡಿಂದ ಹಿಟ್ಟು ಮೇಲಕ್ಕೆ ಹತ್ಕೊಂಡು ಬರುತ್ತೆ. ಕಬ್ಬಿಣದ್ದು, ಕಾಲಿರೋದು, ಮೇಲೆ ತಿರುಪು ಇರೋದು ಪಾತ್ರೆ ಅಂಗಡೀಲಿ ಕೇಳಿ, ಅದು ನೆಲದ ಮೇಲೆ ನಿಲ್ಲುತ್ತೆ, ಉದ್ದ ಹಿಡಿ ಹಿಡ್ಕೊಂಡು ತಿರುಗಿಸ್ತಾ ಹೋದ್ರೆ ಆಯ್ತು, ಶಕ್ತಿ ಕಮ್ಮಿ ಸಾಕು. ತಗೊಳ್ಳೋವಾಗ ಮೂರು ನೋಡಿ: ಬಿಲ್ಲೆ ದಪ್ಪ ಇರ್ಬೇಕು, ತಿರುಪಿನ ಎಳೆ ಆಳ ಇರ್ಬೇಕು, ಒತ್ತೋ ಗುಂಡಿಗೂ ಒರಳಿನ ಗೋಡೆಗೂ ಮಧ್ಯೆ ಸಂದು ಇರ್ಬಾರ್ದು.

ಇನ್ನೊಂದು, ತೊಳೆಯೋದು. ಒತ್ತಿದ ತಕ್ಷಣ ಬಿಸಿನೀರಿಗೆ ಹಾಕಿ ಅಂತ ಎಲ್ರೂ ಹೇಳ್ತಾರೆ, ನಾನು ಹಂಗೇ ಒಣಗಕ್ಕೆ ಬಿಟ್ಟು ಮಾರನೇ ದಿನ ಬಿಲ್ಲೆ ಕುಟ್ಟಿದ್ರೆ ತೂತಿನ ಹಿಟ್ಟೆಲ್ಲಾ ತಾನೇ ಉದುರುತ್ತೆ, ಮಿಕ್ಕಿದ್ದು ಪೊರಕೆ ಕಡ್ಡೀಲಿ. ಸೋಮಾರಿತನ ಅಂತ ಮನೇಲಿ ಬೈಸ್ಕೊಂಡಿದೀನಿ ಆದ್ರೆ ಕೆಲಸ ಆಗುತ್ತೆ. ಕಬ್ಬಿಣದ್ದಾದ್ರೆ ಮಾತ್ರ ಒರೆಸಿ ಎಣ್ಣೆ ಸವರಿಡಿ, ತುಕ್ಕು.

ಮುದ್ದೆಪ್ರಿಯ

ಎಲ್ರಿಗೂ ಥ್ಯಾಂಕ್ಸ್. ತಿರುಪಿನ ಒರಳು ತಂದೆ, ಹೊತ್ಕೊಂಡು ಬರೋವಾಗ ಆಟೋದವ್ರು ಇದೇನು ಸರ್ ಗ್ಯಾರೇಜ್ ಐಟಮ್ಮಾ ಅಂತ ಕೇಳಿದ್ರು. ಈ ಭಾನುವಾರ ಮಾಡ್ತೀನಿ. ಕಾಯಿಹಾಲು ಹೆಂಗೆ ಅಂತ ಯಾರಾದ್ರೂ ಹೇಳ್ತೀರಾ? ಹೋದ ಸಲ ಬೆಲ್ಲ ಹಾಕಿ ಕುದಿಸಿದ್ದೆ, ಒಡೆದು ಮೊಸರು ಮೊಸರಾಯ್ತು.

ಪುತ್ತೂರಿನ ಬಾಣಲೆ

ಕುದಿಸ್ಬೇಡಿ ಮಾರಾಯ್ರೆ! ಕಾಯಿಹಾಲು ಜೋರು ಕುದಿದ್ರೆ ಒಡೀತದೆ. ಬೆಲ್ಲ ಬೇರೆ ಸ್ವಲ್ಪ ನೀರಲ್ಲಿ ಕರಗಿಸಿ, ಸೋಸಿ, ಬೆಲ್ಲದಲ್ಲಿ ಮರಳು ಇರ್ತದೆ, ತಣಿದ ಮೇಲೆ ಕಾಯಿಹಾಲಿಗೆ ಸೇರಿಸಿ. ಏಲಕ್ಕಿ, ಒಂದು ಚಿಟಿಕೆ ಉಪ್ಪು. ಬೆಚ್ಚಗೆ ಬೇಕಾದ್ರೆ ಬಿಸಿನೀರಿನ ಪಾತ್ರೆಯೊಳಗೆ ಇಟ್ರೆ ಸಾಕು.

ಕಾಫಿತೋಟದಕ್ಕ

ನಮ್ಮ ಕಡೇದು ಬೇರೆ ಕಣಪ್ಪ, ನಾವು ಗಸಗಸೆ ಹಾಕ್ತೀವಿ. ಎರಡು ಚಮಚ ಗಸಗಸೆ ಬೆಚ್ಚಗೆ ಹುರಿದು ನೆನೆಸು, ಒಂದು ಚಮಚ ಅಕ್ಕೀನೂ ನೆನೆಸು, ಎರಡನ್ನೂ ಒಂದು ಕಾಯಿ ತುರಿ ಜೊತೆ ಸೇರ್ಸಿ ನುಣ್ಣಗೆ ರುಬ್ಬು. ಅಕ್ಕಿ ಹಾಕೋದ್ರಿಂದ ಹಾಲು ಮಂದ ಬರುತ್ತೆ, ಸಣ್ಣ ಉರೀಲಿ ಕೈಯಾಡಿಸ್ತಾ ಒಂದು ಕುದಿ ಬರಿಸಿದ್ರೂ ಅಷ್ಟು ಸುಲಭಕ್ಕೆ ಒಡೆಯಲ್ಲ. ಬೆಲ್ಲ ಕರಗಿಸಿ ಸೋಸಿ ಹಾಕೋದು ಪುತ್ತೂರಿನೋರು ಹೇಳ್ದಂಗೇ. ಜೊತೆಗೆ ಎಳ್ಳು ಹುರಿದು ಸಕ್ಕರೆ ಹಾಕಿ ಪುಡಿ ಮಾಡ್ಕೊಂಡಿಟ್ಕೋ, ಶಾವಿಗೆ ಮೇಲೆ ಪುಡಿ ಉದುರ್ಸಿ ತುಪ್ಪ ಬಿಟ್ಟು ಅದರ ಮೇಲೆ ಕಾಯಿಹಾಲು. ನಿಮ್ಮಮ್ಮಂಗೆ ಇದೇ ನೆನಪಿರುತ್ತೆ ನೋಡು.

ಮುದ್ದೆಪ್ರಿಯ

ಅಪ್‌ಡೇಟ್. ಬಂತು!!

ಸೋನಾ ಮಸೂರಿ ಹಳೇ ಅಕ್ಕಿ ನೆನೆಸಿ ನೆರಳಲ್ಲಿ ಆರಿಸಿ ಮಿಲ್ಲಿಗೆ ಹಾಕಿಸ್ದೆ, ಅಕ್ಕ ಹೇಳ್ದಂಗೆ ಒಬ್ರು ಆಂಟಿ ಅಕ್ಕಿ ಹಾಕಿಸ್ತಿದ್ರು, ಅವ್ರ ಹಿಂದೇನೇ ಕಾದು ನಿಂತೆ. 2 ಲೋಟಕ್ಕೆ 4 ಲೋಟ ನೀರು ಕರೆಕ್ಟಾಯ್ತು. 20 ನಿಮಿಷಕ್ಕೆ ಒಂದು ಉಂಡೆ ಮುರಿದು ನೋಡಿದ್ರೆ ನಡುವೆ ಕಡಲೆಕಾಳಷ್ಟು ಬಿಳಿ ಇತ್ತು, ಇನ್ನೊಂದು 6 ನಿಮಿಷ ಬಿಟ್ಟೆ, ಹೋಯ್ತು. ರೂಮ್‌ಮೇಟ್‌ನ ತಟ್ಟೆ ಹಿಡಿಯಕ್ಕೆ ಕೂರಿಸ್ಕೊಂಡೆ. ಮೊದಲನೇ ಉಂಡೆ ತಿರುಪು ತಿರುಗಿಸಿದ ತಕ್ಷಣ ಎಳೆ ಇಳೀತು ನೋಡಿ, ಹೊಗೆ ಆಡ್ತಾ, ಒಂದೂ ತುಂಡಾಗ್ದೆ, ಅವ್ನು ತಟ್ಟೆ ತಿರುಗ್ಸೋದು ಬಿಟ್ಟು ನೋಡ್ತಾ ಕೂತ, ಎಲ್ಲಾ ಒಂದೇ ಕಡೆ ಗುಡ್ಡೆ ಬಿತ್ತು, ಬೈದೆ, ನಾನು ಚಿಕ್ಕೋನಿದ್ದಾಗ ಅಜ್ಜಿ ಮುಂದೆ ಹಂಗೇ ಕೂತಿರ್ತಿದ್ದೆ ಅಂತ ಆಮೇಲೆ ನೆನಪಾಯ್ತು. ಕೊನೇ ಎರಡು ಉಂಡೆ ಬಿಗಿ ಆದ್ವು, ನೋಡಿದ್ರೆ ಗ್ಯಾಸ್ ಖಾಲಿ. ಅವನ್ನ ಹಂಗೇ ಮುರ್ಕೊಂಡು ಉಪ್ಪಿನಕಾಯಿ ಜೊತೆ ತಿಂದ್ವಿ.

ಅಮ್ಮಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ. ಎಳೆ ಸ್ವಲ್ಪ ದಪ್ಪ ಆಯ್ತು, ಬಿಲ್ಲೆ ಬದಲಾಯಿಸು ಅಂದ್ರು. ಆಮೇಲೆ ಬರೋವಾಗ ಊರಿಂದ ಕಾಯಿ ತರ್ತೀನಿ, ಅಲ್ಲಿ ಕಾಯಿಗೆ ದುಡ್ಡು ದಂಡ ಮಾಡ್ಬೇಡ ಅಂದ್ರು. ಅಂದ್ರೆ ಪಾಸ್ ಅನ್ಕೋತೀನಿ.

ಅರ್ಧ ಪಾತ್ರೆ ಮಿಕ್ಕಿದೆ, ಫ್ರಿಜ್‌ಗೆ ಇಡ್ಲಾ?

ಪಿಷ್ಟ ಪುರಾಣ

ಫ್ರಿಜ್‌ಲಿ ಇನ್ನೂ ಬೇಗ ಬಿರುಸಾಗುತ್ತೆ, ಆದ್ರೆ ನಾಳೆಗೆ ಬೇಕಂದ್ರೆ ಇಡ್ಲೇಬೇಕು, ಹೊರಗಿದ್ರೆ ಹಳಸುತ್ತೆ. ಮುಚ್ಚಿಡಿ. ತಿನ್ನೋ ಮುಂಚೆ 5 ನಿಮಿಷ ಹಬೆ ಕೊಟ್ರೆ ಮತ್ತೆ ಮೆತ್ತಗಾಗುತ್ತೆ.

ಕಾಫಿತೋಟದಕ್ಕ

ಹಬೆ ಕೊಟ್ಟು ಸಾಸಿವೆ ಕಡ್ಲೆಬೇಳೆ ಹಸಿಮೆಣಸಿನಕಾಯಿ ಕರಿಬೇವು ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡು, ನಾಳೆ ತಿಂಡಿ ಆಯ್ತು. ಒಗ್ಗರಣೆಗೆ ಹಾಕೋವಾಗ ಸೌಟಲ್ಲಿ ತಿರುವಬೇಡ, ಕೈಲಿ ಬಿಡಿಸಿ ಹಾಕಿ ಬಾಣಲೇನ ಎತ್ತಿ ಕುಲುಕು.

ಜೋಳದರೊಟ್ಟಿ

ಎಲ್ಲಾ ಓದಿದೆ. ನಮ್ಮ ಮನಿಯಾಕಿಗೂ ಓದಿ ಹೇಳಿದೆ, ಈಗ ಆ ಗ್ಯಾರೇಜ್ ಐಟಂ ಎಲ್ಲಿ ಸಿಗ್ತದ ಅಂತ ಕೇಳಾಕತ್ತಾಳ. ನನ್ನ ಬಾಯಾಗ ಮಣ್ಣ ಹಾಕಿದ್ರಿ ನೀವು.